ನಾಲ್ಕು ಸ್ಕ್ರೂ

ನಿನ್ನೆ ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರದ ರಿಪೇರಿ ಅಂಗಡಿಗೆ ಹೋಗಿದ್ದೆ. ಚೀಲದಲ್ಲಿ ಅವ್ವನ ಹಳೇ ಮಿಕ್ಸರ್, ಜೊತೆಗೆ ಎರಡು ವರ್ಷದ ಹಿಂದೆ ನಾನು ತಗೊಂಡ ಹ್ಯಾಂಡ್ ಬ್ಲೆಂಡರ್.

ಮಿಕ್ಸರಿನ ತಳದಲ್ಲಿ ನಾಲ್ಕು ಸ್ಕ್ರೂ. ಬಿಚ್ಚಿದರೆ ಮೋಟರ್, ವೈರು ಎಲ್ಲಾ ಕಣ್ಣೆದುರೇ. ಅಂಗಡಿಯವರು ಮೋಟರಿಗೆ ಕರೆಂಟ್ ಮುಟ್ಟಿಸುವ ಸವೆದ ಕಾರ್ಬನ್ ಬ್ರಶ್ ತೆಗೆದು ಹೊಸದು ಹಾಕಿದರು, ಜಾರನ್ನು ಮೋಟರಿಗೆ ಜೋಡಿಸುವ ಹರಿದ ಕಪ್ಲರ್ ಕೂಡ ಬದಲಿಸಿದರು. ನಾನು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಮಿಕ್ಸರ್ ತಿರುಗುತ್ತಿತ್ತು.

ಬ್ಲೆಂಡರನ್ನು ತಿರುವಿ ತಿರುವಿ ನೋಡಿದರು. ಒಂದೂ ಸ್ಕ್ರೂ ಇಲ್ಲ, ಅಂಟಿಸಿಬಿಟ್ಟಿದ್ದಾರೆ. “ಅಕ್ಕಾರ, ಇದನ್ನ ಒಡದ ತಗೀಬೇಕ್ರೀ” ಅಂದರು. ಅವರ ಮುಖದಲ್ಲೂ ಬೇಜಾರಿತ್ತು.

ಒಡೆದರೆ ಗುಜರಿಯವರಿಗೂ ಕಷ್ಟ. ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ ಬೇರೆ ಬೇರೆ ಆದರೆ ತಾನೇ ಕರಗಿಸಿ ಮತ್ತೆ ಬಳಸೋದು? ಈ ಬ್ಲೆಂಡರಿನ ಹಿಡಿಕೆಯಲ್ಲಿ ಪ್ಲಾಸ್ಟಿಕ್‌ಗೆ ರಬ್ಬರ್ ಬೆಸೆದುಕೊಂಡಿದೆ. ಬಿಡಿಸಲು ಆಗದಿದ್ದರೆ ಎರಡೂ ದಂಡ. ಇದೆಲ್ಲ ಕಸವಾದ ಮೇಲೆ ಯೋಚಿಸುವ ವಿಷಯವಲ್ಲ, ವಸ್ತುವಿನ ನಕ್ಷೆ ಬರೆಯುವಾಗಲೇ ಯೋಚಿಸಬೇಕು ಅಲ್ವಾ?

ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಹಳೇ ಸಾಮಾನಿನ ರೀಸೈಕ್ಲಿಂಗ್ ಹೊಣೆ ಅದನ್ನು ಮಾಡಿದ ಕಂಪನಿಯದೇ. ಫ್ರಾನ್ಸಿನಲ್ಲಿ 2021ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ವಾಷಿಂಗ್ ಮಷಿನ್, ಟಿವಿಯಂಥ ಕೆಲವು ಸಾಮಾನಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಕೊಟ್ಟು, ಬೆಲೆಯ ಪಕ್ಕದಲ್ಲೇ ತೋರಿಸುವಂತೆ ಮಾಡಿದರು. ಅದು ನನಗೆ ತುಂಬಾ ಹಿಡಿಸಿತು. ಇಲ್ಲೂ ಅಂಥದ್ದು ಇದ್ದಿದ್ದರೆ ನಾನು ಈ ಬ್ಲೆಂಡರ್ ಮುಟ್ಟುತ್ತಲೇ ಇರಲಿಲ್ಲ.

ಇವತ್ತು ಬೆಳಗ್ಗೆ ಅವ್ವ ಅದೇ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡಿದಳು. ಬ್ಲೆಂಡರ್ ಇನ್ನೂ ಚೀಲದಲ್ಲೇ ಇದೆ. ಒಡೆಯಲು ಮನಸ್ಸು ಬಂದಿಲ್ಲ.