ಉಪ್ಪುಗಾಳಿ ತಿಂದ ಟ್ಯೂಬ್ ಆಂಪ್‌ನಿಂದ ಬಿಗಿಯಾದ ಡಿಸ್ಟಾರ್ಷನ್

ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್, ಅಂದರೆ ಗಾಜಿನ ವಾಲ್ವಿನಿಂದ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಮನೆಗೆ ಬಂದ ದಿನ ಎಲ್ಲರೂ ಗೇನ್ (ಸಿಗ್ನಲ್ ಎಷ್ಟು ಹಿಗ್ಗಬೇಕೆಂದು ಹೇಳುವ ನಾಬ್) ಪೂರ್ತಿ ತಿರುಗಿಸಿ ಗಿಟಾರಿನಲ್ಲಿ ಒಂದು ಪವರ್ ಕಾರ್ಡ್ ಬಾರಿಸುತ್ತಾರೆ. ಬಿಗಿ ಕ್ರಂಚ್ (ಬೇಕೆಂದೇ ತರುವ ಒಡಕು ಸದ್ದು, ಅದೇ ಡಿಸ್ಟಾರ್ಷನ್) ಬರುವ ಬದಲು ಥಂಡಿ ಹಿಡಿದ ಚೆಂಡೆಯ ಹಾಗೆ ಸಡಿಲ ಸದ್ದು ಬರುತ್ತದೆ, ಜೊತೆಗೆ ಗುಂಯ್ ಎನ್ನುವ ಹಮ್. ಆಗ ಹೊಸ ಪೆಡಲ್ (ಕಾಲಿನಿಂದ ಒತ್ತುವ ಇಫೆಕ್ಟ್ ಪೆಟ್ಟಿಗೆ) ಹುಡುಕಲು ಹೋಗಬೇಡಿ. ಮಂಗಳೂರಿನಲ್ಲಿ ನಾಲ್ಕು ಮಳೆಗಾಲ ಕಂಡ ಆಂಪ್‌ಗೆ ಮೊದಲು ಬೇಕಾದದ್ದು ಕಿಲುಬು ತೆಗೆಯುವುದು, ಆಮೇಲೆ ಬೇಸ್ ಇಳಿಸುವುದು. ಗೇನ್ ಕೊನೆಗೆ.

ಕೊಳ್ಳುವಾಗ ಹಿಂಬದಿಯಲ್ಲಿ ಬರೆದ ವೋಲ್ಟೇಜ್ ಓದಿ. ಗಲ್ಫ್‌ನಿಂದ ಬಂದದ್ದು ಎಂದ ಮಾತ್ರಕ್ಕೆ ನಮ್ಮ ಕರೆಂಟಿಗೆ ಸರಿಹೊಂದಬೇಕೆಂದಿಲ್ಲ. ಸೌದಿಯ ಮನೆಗಳಲ್ಲಿ ಬಹುಕಾಲ 127 ವೋಲ್ಟ್, 60 ಹರ್ಟ್ಸ್ ಇತ್ತು. ಅಮೆರಿಕದ್ದಾದರೆ 120 ವೋಲ್ಟ್. ಅಂಥದ್ದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆಂಪ್ 180 ವಾಟ್ ಎಳೆಯುವುದಾದರೆ ಟ್ರಾನ್ಸ್‌ಫಾರ್ಮರ್ 300 ವಿಎಗಿಂತ ಚಿಕ್ಕದಿರಬಾರದು. ಬರೀ 60 ಹರ್ಟ್ಸ್ ಎಂದು ಬರೆದಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು, 50 ಹರ್ಟ್ಸಿನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ಆ ಟ್ರಾನ್ಸ್‌ಫಾರ್ಮರ್‌ನಲ್ಲಿ 220 ಮತ್ತು 240 ಎರಡೂ ಟ್ಯಾಪ್ (ಲೈನ್ ಜೋಡಿಸುವ ತುದಿ) ಇದ್ದರೆ 240ಕ್ಕೇ ಹಾಕಿಸಿ. ಟ್ಯೂಬಿನ ಹೀಟರ್‌ಗೆ ಬೇಕಾದದ್ದು 6.3 ವೋಲ್ಟ್, 220ರ ಟ್ಯಾಪಿಗೆ ಮನೆಯ ಲೈನಿನಿಂದ 250 ಬಂದರೆ ಅದು 7.1 ದಾಟುತ್ತದೆ. ಹತ್ತು ಶೇಕಡಕ್ಕಿಂತ ಹೆಚ್ಚಾದರೆ ಟ್ಯೂಬಿನ ಆಯುಷ್ಯ ಕಡಿಮೆಯಾಗುತ್ತದೆ.

ಒಳಗೆ ಕೈ ಹಾಕುವ ಮುಂಚೆ ಒಂದು ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ನಲ್ಲಿ (ಕರೆಂಟನ್ನು ಸಮ ಮಾಡಲು ಚಾರ್ಜ್ ಹಿಡಿದಿಡುವ ಭಾಗ) 400 ವೋಲ್ಟಿನಷ್ಟು ಉಳಿದಿರಬಹುದು, ಅದು ಜೀವ ತೆಗೆಯುವಷ್ಟು ಉಂಟು. ಮಲ್ಟಿಮೀಟರ್‌ನಲ್ಲಿ ಡಿಸಿ ವೋಲ್ಟ್ ಅಳೆದು, 10 ವೋಲ್ಟಿಗಿಂತ ಕೆಳಗೆ ಬಂದ ಮೇಲೆಯೇ ಮುಟ್ಟಿ. ಅಳೆಯುವುದು ಗೊತ್ತಿಲ್ಲದಿದ್ದರೆ ಚಾಸಿಸ್ ಬಿಚ್ಚಬೇಡಿ, ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡಿದವರ ಹತ್ತಿರ ಕೊಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪನ್ನು ನೇರ ಸಾಕೆಟ್ಟಿಗೆ ಹಾಕುವುದೂ ಬೇಡ. ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡಿನಲ್ಲಿ 100 ವಾಟಿನ ತಂತಿ ಬಲ್ಬ್ ಹಾಕಿ, ಔಟ್‌ಪುಟ್ ಟ್ಯೂಬ್ (ಸ್ಪೀಕರ್‌ಗೆ ಶಕ್ತಿ ಕೊಡುವ ಟ್ಯೂಬ್) ತೆಗೆದಿಟ್ಟು ಆನ್ ಮಾಡಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಉಂಟು. ಎಲ್ಲ ಸರಿಯಿದ್ದೂ 100 ಹರ್ಟ್ಸಿನ ಹಮ್ ಬಿಡದಿದ್ದರೆ ಫಿಲ್ಟರ್ ಕೆಪ್ಯಾಸಿಟರ್ ಒಣಗಿದೆ ಎಂದೇ ತಿಳಿಯಿರಿ. ಇಪ್ಪತ್ತು ವರ್ಷ ಆಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಕ್ಷೇಮ.

ಇನ್ನು ಟ್ಯೂಬ್ ಕೂರುವ ಸಾಕೆಟ್. ಕಡಲಿನ ಗಾಳಿಯ ಏಟು ಮೊದಲು ಬೀಳುವುದು ಇಲ್ಲಿ. ತಣ್ಣಗಾದ ಆಂಪ್‌ನಿಂದ ಪ್ರೀಆಂಪಿನ (ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) 12ಎಎಕ್ಸ್7 ಟ್ಯೂಬನ್ನು ಮೆಲ್ಲಗೆ ಅಲ್ಲಾಡಿಸುತ್ತ ನೇರ ಮೇಲಕ್ಕೆ ಎಳೆಯಿರಿ. ಒಂಬತ್ತು ಪಿನ್‌ಗಳ ಮೇಲೆ ಕಂದು ಮಂಕು, ಸಾಕೆಟ್ಟಿನ ತೂತಿನೊಳಗೆ ಹಸಿರು ಪುಡಿ ಕಾಣುತ್ತದೆ. ಹಲ್ಲಿನ ಸಂದಿಗೆ ಬಳಸುವ ಸಣ್ಣ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದಕ್ಕೆ ಕಾಂಟಾಕ್ಟ್ ಕ್ಲೀನರ್ ಹೊಡೆದು ಪ್ರತಿ ತೂತಿಗೂ ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ. ಬ್ರಷ್ ಹಸಿರು ಬಣ್ಣ ಹೊತ್ತು ಬರುವುದು ನಿಂತ ಮೇಲೆ ಅರ್ಧ ಗಂಟೆ ಒಣಗಲು ಬಿಡಿ. ಸಡಿಲವಾದ ಹಿಡಿತವನ್ನು ಸೂಜಿಯಿಂದ ಒಂದಿಷ್ಟು ಒಳಕ್ಕೆ ಒತ್ತಿದರೆ ಪಿನ್ ಗಟ್ಟಿಯಾಗಿ ಕೂರುತ್ತದೆ. ಮನೆಯಲ್ಲಿರುವ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಇಲ್ಲಿಗೆ ಬೇಡ, ಅದರ ಜಿಡ್ಡಿಗೆ ಧೂಳು ಅಂಟುತ್ತದೆ. ದೊಡ್ಡ ಔಟ್‌ಪುಟ್ ಸಾಕೆಟ್ಟಿನಲ್ಲಿ ಪಿನ್ನಿಂದ ಪಿನ್ನಿಗೆ ಕಪ್ಪು ಗೆರೆ ಸುಟ್ಟಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಸಾಕೆಟ್ಟೇ ಬದಲಿಸಬೇಕು. ಗರಗರ ಎನ್ನುವ ನಾಬ್‌ಗೂ, ಇನ್‌ಪುಟ್ ಜ್ಯಾಕ್‌ಗೂ ಇದೇ ಕ್ಲೀನರ್ ಸಾಕು. ಸ್ವಚ್ಛ ಮಾಡಿದ ಮೇಲೂ ಒಂದೇ ನಾಬ್ ಗರಗರ ಎಂದರೆ ಅದರ ಹಿಂದಿನ ಕಪ್ಲಿಂಗ್ ಕೆಪ್ಯಾಸಿಟರ್ (ಡಿಸಿ ತಡೆದು ಸಿಗ್ನಲ್ ಮಾತ್ರ ಮುಂದಕ್ಕೆ ಬಿಡುವ ಭಾಗ) ಡಿಸಿ ಸೋರುತ್ತಿರಬಹುದು.

ಟ್ಯೂಬ್ ಪರೀಕ್ಷೆಗೆ ಒಂದು ಪೆನ್ಸಿಲ್ ಸಾಕು. ವಾಲ್ಯೂಮ್ ನಡುವಿನಲ್ಲಿಟ್ಟು ಪೆನ್ಸಿಲಿನ ರಬ್ಬರ್ ತುದಿಯಿಂದ ಪ್ರೀಆಂಪ್ ಟ್ಯೂಬನ್ನು ತಟ್ಟಿ. ಮೆತ್ತಗಿನ ಟಕ್ ಕೇಳಿದರೆ ಪರವಾಗಿಲ್ಲ. ಗಂಟೆಯ ಹಾಗೆ ರಿಂಗಣಿಸಿದರೆ ಅದು ಇನ್‌ಪುಟ್ ಜಾಗಕ್ಕೆ ನಾಲಾಯಕ್ಕು. ಔಟ್‌ಪುಟ್ ಟ್ಯೂಬನ್ನು ಕತ್ತಲೆಯಲ್ಲಿ ನೋಡಿ. ಗಾಜಿನ ಒಳಮೈಯಲ್ಲಿ ನೀಲಿ ಛಾಯೆ ಇದ್ದರೆ ಹೆದರಬೇಕಿಲ್ಲ. ನಡುವಿನ ಬೂದು ಪ್ಲೇಟ್ ಕೆಂಪಗಾದರೆ ಆ ಕ್ಷಣವೇ ಆಫ್ ಮಾಡಬೇಕು. ಬಯಾಸ್ (ಬಾರಿಸದಿದ್ದಾಗಲೂ ಔಟ್‌ಪುಟ್ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸುವ ಸೌಲಭ್ಯವಿರುವ ಆಂಪ್‌ನಲ್ಲಿ ಲೆಕ್ಕ ಹೀಗೆ: ಇಎಲ್34 ಎಂಬ ಔಟ್‌ಪುಟ್ ಟ್ಯೂಬಿಗೆ ಮಿತಿ 25 ವಾಟ್, ಅದರ 70 ಶೇಕಡ 17.5. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ ಒಂದೊಂದು ಟ್ಯೂಬಿಗೆ ಹೆಚ್ಚೆಂದರೆ 39 ಮಿಲಿಆಂಪ್. ಬಯಾಸ್ ತೀರಾ ತಣ್ಣಗಿದ್ದರೂ, ಅಂದರೆ ಆ ಕರೆಂಟ್ ತೀರಾ ಕಡಿಮೆಯಿದ್ದರೂ, ಡಿಸ್ಟಾರ್ಷನ್ ಮರಳು ಬೆರೆಸಿದ ಹಾಗೆ ಒರಟಾಗಿ ಬರುತ್ತದೆ.

ಈಗ ಸದ್ದಿನ ವಿಷಯ. ಕೆಳಗಿನ ಇ ತಂತಿ 82 ಹರ್ಟ್ಸ್. ದಪ್ಪ ತಂತಿಯ ಸಿಗ್ನಲ್ ದೊಡ್ಡದು, ಅದು ಎಲ್ಲಕ್ಕಿಂತ ಮೊದಲು ಟ್ಯೂಬನ್ನು ತುಂಬುತ್ತದೆ, ಕಪ್ಲಿಂಗ್ ಕೆಪ್ಯಾಸಿಟರ್ ಚಾರ್ಜ್ ಆಗಿ ಮುಂದಿನ ಟ್ಯೂಬ್ ಒಂದು ಗಳಿಗೆ ಉಸಿರುಗಟ್ಟುತ್ತದೆ. ಆ ಸಡಿಲ ಸದ್ದಿನ ಮೂಲ ಇದು. ಆದ್ದರಿಂದ ಗೇನ್ ಏರಿಸುವಾಗಲೆಲ್ಲ ಬೇಸ್ ಇಳಿಸಬೇಕು. ಇಎಲ್84 ಜೋಡಿಯ 15 ವಾಟ್ ಆಂಪ್‌ನಲ್ಲಿ ಹೀಗೆ ಶುರು ಮಾಡಿ: ವಾಲ್ಯೂಮ್ (ಇಲ್ಲಿ ಗೇನ್ ಎಂದರೆ ಇದೇ) 6, ಮಾಸ್ಟರ್ (ಒಟ್ಟು ಸದ್ದು) 4, ಬೇಸ್ 2, ಮಿಡಲ್ 7, ಟ್ರೆಬಲ್ 5. ಒಬ್ಬರೇ ಕೂತು ಬಾರಿಸುವಾಗ ತೆಳು ಅನಿಸಬಹುದು. ಬೇಸ್ ಗಿಟಾರ್ ಮತ್ತು ಡ್ರಮ್ ಸೇರಿದಾಗ ಅದೇ ಸರಿಯಾದ ಜಾಗದಲ್ಲಿ ಕೂರುತ್ತದೆ. ಇನ್ನೂ ಬಿಗಿ ಬೇಕಾದರೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲನ್ನು ಡ್ರೈವ್ 1ರಲ್ಲಿ, ಲೆವೆಲ್ 8ರಲ್ಲಿ ಇಡಿ. ಅದು ಬೇಸ್ ಕತ್ತರಿಸಿ ಮಿಡ್ ಎತ್ತಿ ಟ್ಯೂಬಿಗೆ ಕೊಡುತ್ತದೆ. ಡಿಸ್ಟಾರ್ಷನ್ ಆಂಪ್‌ನದೇ ಆಗಿರುತ್ತದೆ.

ಜೇನುನೊಣದ ಹಾಗೆ ಜುಂಯ್ ಎನ್ನುವುದಿದ್ದರೆ ಪ್ರೀಆಂಪಿನಲ್ಲಿ ಗೇನ್ ಜಾಸ್ತಿ. ಮೊದಲ 12ಎಎಕ್ಸ್7 ಜಾಗಕ್ಕೆ 5751 ಎಂಬ ಟ್ಯೂಬ್ ಹಾಕಿ ನೋಡಿ. ಗುಣಕ 100ರಿಂದ 70ಕ್ಕೆ ಇಳಿಯುತ್ತದೆ, ವೈರಿಂಗ್ ಏನೂ ಮುಟ್ಟಬೇಕಿಲ್ಲ. ಸೋಲ್ಡರ್ ಕೈ ಇರುವವರಿಗೆ ಮತ್ತೊಂದು ದಾರಿ: ಮೊದಲ ಟ್ಯೂಬಿನ ಕ್ಯಾಥೋಡ್‌ನಲ್ಲಿರುವ 25 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ತೆಗೆದು 0.68 ಹಾಕುವುದು. ಬೇಸ್ ಅಲ್ಲಿಯೇ ತೂಕ ಇಳಿಸಿಕೊಳ್ಳುತ್ತದೆ. ಹತ್ತು ರೂಪಾಯಿಯ ಆಸುಪಾಸಿನ ಬಿಡಿಭಾಗದಿಂದ ಇಷ್ಟು ದೊಡ್ಡ ವ್ಯತ್ಯಾಸ ಬೇರೆಲ್ಲೂ ಸಿಗುವುದಿಲ್ಲ.

ನಿಜವಾದ ಸುಖ ಇರುವುದು ಔಟ್‌ಪುಟ್ ಟ್ಯೂಬ್ ದಣಿಯುವಷ್ಟು ದುಡಿದಾಗ. ಆದರೆ ಫ್ಲ್ಯಾಟಿನಲ್ಲಿ 15 ವಾಟ್ ಎಂದರೆ ಮೇಲಿನ ಮನೆಯ ಮಗು ಎದ್ದು ಕೂರುವಷ್ಟು ಸದ್ದು. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಅಟೆನ್ಯುಯೇಟರ್ (ಶಕ್ತಿಯ ಬಹುಪಾಲು ಹೀರಿ ಸದ್ದು ಇಳಿಸುವ ಪೆಟ್ಟಿಗೆ) ಇಟ್ಟು 12 ಡೆಸಿಬಲ್ ಇಳಿಸಿದರೆ ಸ್ಪೀಕರ್‌ಗೆ ಹೋಗುವುದು ಒಂದು ವಾಟಿನ ಹತ್ತಿರ. ಆಂಪ್, ಅಟೆನ್ಯುಯೇಟರ್, ಸ್ಪೀಕರ್ ಮೂರರ ಓಮ್ ಹೊಂದಬೇಕು, 8ಕ್ಕೆ 8. ಸ್ಪೀಕರ್ ಜ್ಯಾಕ್ ಕಿತ್ತು ಆಂಪ್ ಬಾರಿಸಬೇಡಿ. ಲೋಡ್ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಜಿಗಿದು ಇನ್ಸುಲೇಷನ್ ಸುಡುತ್ತದೆ. ಆ ಒಂದು ಭಾಗದ ಬೆಲೆ ಹಳೇ ಆಂಪಿನ ಅರ್ಧದಷ್ಟಾದರೂ ಆಶ್ಚರ್ಯವಿಲ್ಲ.

ರೋಸ್ (ಕರಾವಳಿಯ ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಕ್ಕೋ ಮದುವೆ ಹಾಲಿಗೋ ಒಯ್ದರೆ ಆಂಪನ್ನು ನೆಲದ ಮೇಲಿಡಬೇಡಿ, ನೆಲಕ್ಕೆ ತಾಗಿದರೆ ಬೇಸ್ ಮತ್ತೆ ಊದಿಕೊಳ್ಳುತ್ತದೆ. ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ. ಮೈಕನ್ನು ಸ್ಪೀಕರ್ ನಡುವಿನ ಗುಮ್ಮಟದ ಅಂಚಿಗೆ ನೇರವಾಗಿ, ಎರಡು ಇಂಚು ದೂರ ಇಡಿ. ನಟ್ಟ ನಡುವಿಗೆ ಇಟ್ಟರೆ ಕಿವಿಗೆ ಚುಚ್ಚುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಆನ್ ಇಡಿ, ಆ ಶಾಖಕ್ಕೆ ಒಳಗಿನ ತೇವ ಆರುತ್ತದೆ. ಗೋಡೆಯಿಂದ ಒಂದಡಿ ದೂರ, ಮೇಲೆ ಹತ್ತಿಯ ಬಟ್ಟೆ. ಪ್ಲಾಸ್ಟಿಕ್ ಹೊದಿಸಿದರೆ ಸ್ಪೀಕರಿನ ಕಾಗದದ ಕೋನ್ ಮೇಲೆ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ.