ಹಳೇ ಮನೆಯ ಜಿಐ ಪೈಪು: ಅಡುಗೆಮನೆ ಮುಗಿಯಿತು, ಬಚ್ಚಲು ನಡೀತಿದೆ

ಮನೆಯ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ನೀರಿನ ಪೈಪುಗಳನ್ನು ಬದಲಾಯಿಸುತ್ತಿದ್ದೇವೆ. ಅಡುಗೆಮನೆ ಲೈನು ಪೂರ್ತಿ ಬದಲಾಯಿತು. ಬಚ್ಚಲುಮನೆಯಲ್ಲಿ ತಣ್ಣೀರಿನ ಲೈನು ಆಗಿದೆ, ಬಿಸಿನೀರಿನದು ಬಾಕಿ. ಮಹಡಿಗೆ ಇನ್ನೂ ಕೈ ಹಾಕಿಲ್ಲ.

ಮೈಸೂರಿನ ನಮ್ಮ ಮನೆ 1970ರ ದಶಕದ್ದು. ಆಗಿನ ಪದ್ಧತಿಯಂತೆ ಗೋಡೆಯೊಳಗೆಲ್ಲ ಜಿಐ ಪೈಪು. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕಂದು ನೀರು, ಸ್ವಲ್ಪ ಹೊತ್ತು ಬಿಟ್ಟರೆ ತಿಳಿ. ಅಡುಗೆಮನೆಯಲ್ಲಂತೂ ಒಂದು ಬಿಂದಿಗೆ ತುಂಬುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿರುತ್ತಿತ್ತು. ಟ್ಯಾಂಕ್ ತೊಳೆಸಿದ್ದಾಯಿತು, ಗೇಟ್ ವಾಲ್ವ್ ಬದಲಾಯಿಸಿದ್ದಾಯಿತು. ಏನೂ ಬದಲಾಗಲಿಲ್ಲ.

ಸಿಂಕಿನ ಕೆಳಗಿನ ಪೈಪು ಕತ್ತರಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಹೊರಗಡೆ ನೋಡಿದರೆ ಗಟ್ಟಿಮುಟ್ಟು, ಹೊಡೆದ ಬಣ್ಣ ಕೂಡ ಹಾಗೇ ಇದೆ. ಒಳಗೆ ಸುತ್ತಲೂ ತುಕ್ಕಿನ ಗಂಟುಗಳು. ಮೇಲ್ಪದರ ಕಿತ್ತಳೆ ಮಿಶ್ರಿತ ಕಂದು, ಉಗುರಿನಿಂದ ಕೆರೆದರೆ ಅಡಿಯಲ್ಲಿ ಕಪ್ಪು ಪುಡಿ. ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಜಿಐ ಪೈಪಿನಲ್ಲಿ ಕಬ್ಬಿಣದ ಮೇಲೆ ಸತುವಿನ ಲೇಪ ಇರುತ್ತದೆ. ಆ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದು ಮುಗಿದ ಮೇಲೆ ತುಕ್ಕಿಗೆ ತಡೆ ಇಲ್ಲ. ವ್ಯಾಸ ಅರ್ಧವಾದರೆ ನೀರು ಹರಿಯುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಾಗಿ ನಮ್ಮದು ಪಂಪಿನ ಒತ್ತಡವಲ್ಲ, ತಾರಸಿ ಟ್ಯಾಂಕಿನಿಂದ ಇಳಿಯುವ ನೀರು. 10 ಮೀಟರ್ ಎತ್ತರ ಇದ್ದರೆ ತಾನೇ ಸುಮಾರು 1 ಬಾರ್ ಒತ್ತಡ ಸಿಗೋದು? ನಮ್ಮ ನಲ್ಲಿಗೆ ಅದರ ಅರ್ಧವೂ ಇಲ್ಲ. ಹೀಗಿರುವಾಗ ಇಷ್ಟು ಸಣ್ಣ ದಾರಿಯಲ್ಲಿ ಎಷ್ಟು ನೀರು ಬಂದೀತು?

ಗೋಡೆ ಒಡೆದು ಹಳೆಯದನ್ನು ಕೀಳುವ ಯೋಚನೆ ಬಿಟ್ಟೆವು. ಅದನ್ನು ಗೋಡೆಯೊಳಗೇ ಇರಲು ಬಿಟ್ಟು, ಎರಡೂ ತುದಿಗೆ ಡಮ್ಮಿ (ಮುಚ್ಚಳ) ಹಾಕಿ, ಹೊಸ ಲೈನನ್ನು ಹೊರಗೋಡೆ ಮೇಲೆ ಎಳೆದೆವು. ನೋಡೋಕೆ ಅಷ್ಟೇನೂ ಚಂದ ಇಲ್ಲ, ನಿಜ. ಆದರೆ ಮುಂದೆ ಎಲ್ಲಿ ಸೋರಿದರೂ ಕಾಣುತ್ತದೆ, ಕೈಗೂ ಸಿಗುತ್ತದೆ. ನನಗೆ ಅದೇ ಮುಖ್ಯ.

ಹಳೆಯ ಪೈಪಿನ ಫಿಟಿಂಗ್ ಬಿಚ್ಚುವಾಗ ಪ್ಲಂಬರ್ ಹೇಳಿದ ಮಾತು ಯಾವಾಗಲೂ ನೆನಪಿರಬೇಕು: "ಸಾರ್, ಗೋಡೆ ಕಡೆ ಇನ್ನೊಂದು ಪಾನಾ ಹಾಕಿ ಹಿಡ್ಕೊಳ್ಳಿ. ಇಲ್ಲಾಂದ್ರೆ ಒಳಗೇ ಮುರ್ಕೊಳ್ಳುತ್ತೆ." ಥ್ರೆಡ್ ಕೊರೆದ ಜಾಗದಲ್ಲೇ ಪೈಪಿನ ದಪ್ಪ ಕಡಿಮೆ, ತುಕ್ಕು ಮೊದಲು ತಿನ್ನೋದೂ ಅದನ್ನೇ. ಹಿತ್ತಾಳೆ ವಾಲ್ವನ್ನು ನೇರವಾಗಿ ಜಿಐಗೆ ಕೂರಿಸಿದ ಕಡೆ ಇನ್ನೂ ಜಾಸ್ತಿ. ಹಿತ್ತಾಳೆ, ಕಬ್ಬಿಣ ಎರಡೂ ನೀರಿನಲ್ಲಿ ಜೊತೆಯಾದರೆ ಕಬ್ಬಿಣವೇ ಬೇಗ ಕರಗುತ್ತದೆ.

ಈಗ ಬಚ್ಚಲಿನ ವಿಷಯ. ಹಳೇ ಮನೆಯವರು ದಯವಿಟ್ಟು ಇದನ್ನು ಗಮನಿಸಿ. ನಮ್ಮಲ್ಲಿ ಗೀಸರಿನ ಅರ್ತ್ ವೈರನ್ನು ನೀರಿನ ಪೈಪಿಗೇ ಸುತ್ತಿದ್ದರು. ಆ ಕಾಲದ ಎಷ್ಟೋ ಮನೆಗಳಲ್ಲಿ ಹಾಗೇ ಇರುತ್ತದೆ. ನಡುವೆ ಒಂದಿಷ್ಟು ಪ್ಲಾಸ್ಟಿಕ್ ಪೈಪು ಬಂದರೆ ಸಾಕು, ಅದರಲ್ಲಿ ಕರೆಂಟ್ ಹರಿಯದೆ ಅರ್ತಿಂಗ್ ತಪ್ಪಿಹೋಗುತ್ತದೆ. ನೀರು ಬರುತ್ತಿರುತ್ತದೆ, ಗೀಸರ್ ಕಾಯುತ್ತಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅದಕ್ಕೇ ಪೈಪಿಗೆ ಗರಗಸ ಇಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ತ್ ಪಿಟ್ (ಅರ್ತ್ ವೈರನ್ನು ನೆಲಕ್ಕೆ ಇಳಿಸುವ ಗುಂಡಿ) ಮಾಡಿಸಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಇದರಲ್ಲಿ ದುಡ್ಡು ಉಳಿಸೋದು ಬೇಡ.

ಬಿಸಿನೀರಿಗೆ ಸಿಪಿವಿಸಿ ಪೈಪು ತಂದಿಟ್ಟಿದ್ದೇವೆ, ಇದು ಬಿಸಿ ತಡೆಯುವ ಪ್ಲಾಸ್ಟಿಕ್. ಸಾಮಾನ್ಯ ಪ್ಲಾಸ್ಟಿಕ್ ಪೈಪಾದ ಯುಪಿವಿಸಿ ತಣ್ಣೀರಿಗೆ ಮಾತ್ರ, ಬಿಸಿಗೆ ಮೆತ್ತಗಾಗುತ್ತದೆ. ಸಿಪಿವಿಸಿ 93 ಡಿಗ್ರಿವರೆಗೂ ತಡೆಯುತ್ತದೆ, ಆದರೆ ಹಿಗ್ಗುತ್ತದೆ. 3 ಮೀಟರ್ ಉದ್ದದ ಪೈಪು 50 ಡಿಗ್ರಿ ಬಿಸಿ ಏರಿದರೆ ಸುಮಾರು 9 ಮಿಲಿಮೀಟರ್ ಉದ್ದವಾಗುತ್ತದೆ. ಹಾಗಾಗಿ ಕ್ಲಾಂಪು ಬಿಗಿಯಾಗಿ ಕಚ್ಚಬಾರದು, ಪೈಪು ಜಾರುವಷ್ಟು ಸಡಿಲ ಬೇಕು. ಬಿಸಿಲು ಬೀಳುವ ಕಡೆ ನೀರಿನಲ್ಲಿ ಕಲೆಸುವ ಬಣ್ಣ ಹೊಡೆಯಬೇಕು, ಎಣ್ಣೆ ಬಣ್ಣ ಬೇಡ.

ಅಡುಗೆಮನೆಯಲ್ಲಿ ಈಗ ಧಾರೆ ಚೆನ್ನಾಗಿದೆ, ಬೆಳಗಿನ ಕಂದು ನೀರೂ ನಿಂತಿದೆ. ಹೊಸ ಲೈನಿನಲ್ಲಿ ಪೈಪು ಜೋಡಿಸಿದ ಅಂಟಿನ ವಾಸನೆ ಹೋಗುವವರೆಗೂ ಕುಡಿಯೋಕೆ ಬೇರೆ ನಲ್ಲಿಯ ನೀರನ್ನೇ ಕಾಯಿಸಿ ಆರಿಸಿ ಬಳಸಿದೆವು.

ಮಹಡಿಯಲ್ಲಿ ಸೋಲಾರ್ ಇದೆ. ಬೇಸಿಗೆಯಲ್ಲಿ ಯಾರೂ ಬಳಸದ ದಿನ ಅದರ ನೀರು ಕುದಿಯುವ ಹತ್ತಿರ ಹೋಗುತ್ತದೆ. ಅದಕ್ಕೇ ಟ್ಯಾಂಕಿನಿಂದ ಹೊರಡುವ ಮೊದಲ ತುಂಡು ಲೋಹದ್ದೇ ಇರಬೇಕು ಅಂತ ತೀರ್ಮಾನಿಸಿದ್ದೇವೆ. ಬಚ್ಚಲು ಮುಗಿದ ಮೇಲೆ ಅದರ ಅಳತೆ ತೆಗೆಯಬೇಕು.