ಪಲ್ಪರ್ ತಿರುಗಿಸೋ ಕಾರ್ಡು

ಕಾಫಿ ಪಲ್ಪರ್‌ನ ಡ್ರಮ್ಮನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ, ಅದಕ್ಕೆ ಸುತ್ತಿದ ತಾಮ್ರದ ತಗಡಿನ ತುಂಬ ಸಾಲುಸಾಲು ಉಬ್ಬುಗಳು. ಹಣ್ಣಿನ ಸಿಪ್ಪೆ ಬಿಡಿಸೋ ಕೆಲಸ ಅವುಗಳದ್ದು. ಯಂತ್ರಗಳ 3ಡಿ ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಆ ಉಬ್ಬುಗಳನ್ನು ಒಂದೂ ಬಿಡದೆ ಮೂಡಿಸಿ, ಮೋಟರು, ಪುಲ್ಲಿ, ಹಾಪರ್ ಎಲ್ಲ ಸೇರಿದ ಅಸೆಂಬ್ಲಿಯಲ್ಲಿ, ಅಂದರೆ ಪೂರ್ತಿ ಜೋಡಣೆಯಲ್ಲಿ ಕೂರಿಸಿ ನೋಡಿ. ಮೌಸ್‌ನ ಗಾಲಿ ಒತ್ತಿ ಯಂತ್ರವನ್ನು ತಿರುಗಿಸಿದರೆ ಚಿತ್ರ ಬಿಕ್ಕಳಿಸುತ್ತಾ ತಿರುಗುತ್ತದೆ.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಾನು ಡ್ರಾಯಿಂಗ್ ಮಾಡುವ ಶೆಡ್ಡಿನಲ್ಲಿ ಆಗುತ್ತಿದ್ದುದು ಇದೇ. ಸಕಲೇಶಪುರ, ಬೇಲೂರು ಕಡೆಯ ತೋಟದವರಿಗೆ ಅರೇಬಿಕಾ ಕುಯ್ಲಿಗೆ ಮುಂಚೆ, ಅಂದರೆ ನವೆಂಬರ್ ಒಳಗೆ ಯಂತ್ರ ಕೈಗೆ ಸಿಗಬೇಕು. ಗಣಪತಿ ಹಬ್ಬ ಕಳೆದಿತ್ತು. ಯಜಮಾನರು ಬಂದು ನನ್ನ ಬೆನ್ನ ಹಿಂದೆ ನಿಂತು ಸ್ಕ್ರೀನ್ ನೋಡಿ, "ಏನಪ್ಪಾ, ಕಾರ್ಡ್ ಹಾಕ್ಸಿದ್ರೆ ಸರಿಹೋಗುತ್ತಾ?" ಅಂದರು. ಕಾರ್ಡು ಅಂದರೆ ಗ್ರಾಫಿಕ್ಸ್ ಕಾರ್ಡು, ಪರದೆಯ ಮೇಲೆ ಚಿತ್ರ ಬಿಡಿಸೋ ಬಿಡಿಭಾಗ.

"ಯಾವುದು ಸರಿಹೋಗುತ್ತೆ, ಯಾವುದು ಹೋಗಲ್ಲ ಅಂತ ನೋಡಿ ಹೇಳ್ತೀನಿ ಸಾರ್" ಅಂದೆ.

ನೋಡುವುದು ಕಷ್ಟವೇನಲ್ಲ. ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ಗೆರೆ ಎಳೆದು ತೋರಿಸೋ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ದಿನಾ ಮಾಡುವ ಕೆಲಸವನ್ನೇ ಮಾಡಬೇಕು, ಅಷ್ಟೆ. ಅಸೆಂಬ್ಲಿ ಫೈಲ್ ತೆರೆಯುವಾಗ ಗ್ರಾಫಿಕ್ಸ್‌ನ ಗೆರೆ ಅಲುಗಾಡಲೇ ಇಲ್ಲ, ದುಡಿದದ್ದು ಡಿಸ್ಕು ಮತ್ತು ಪ್ರೊಸೆಸರ್. ಒಂದು ಅಳತೆ ಬದಲಿಸಿ ರೀಬಿಲ್ಡ್, ಅಂದರೆ ಮಾಡೆಲನ್ನು ಮತ್ತೆ ಲೆಕ್ಕಹಾಕಿ ಕಟ್ಟೋ ಆಜ್ಞೆ ಕೊಟ್ಟಾಗ ಇನ್ನೂ ಮಜಾ: ಪ್ರೊಸೆಸರ್ ಬಳಕೆ ಒಟ್ಟಾರೆ ಕಡಿಮೆಯೇ ತೋರಿಸುತ್ತದೆ, ಬಿಡಿಬಿಡಿಯಾಗಿ ನೋಡಿದರೆ ಅದರೊಳಗೆ ಲೆಕ್ಕ ಮಾಡೋ ಕೋರ್‌ಗಳಲ್ಲಿ ಒಂದೇ ಒಂದು ನೆತ್ತಿ ಮುಟ್ಟಿರುತ್ತದೆ. ಒಂದು ಲೆಕ್ಕ ಮುಗಿಯದೆ ಅದರ ಮುಂದಿನದು ಶುರುವಾಗದ ಕೆಲಸ ಅದು, ಮಿಕ್ಕ ಕೋರ್‌ಗಳು ಕೈಕಟ್ಟಿ ಕೂತಿರುತ್ತವೆ. ಗ್ರಾಫಿಕ್ಸ್‌ನ ಗೆರೆ ಮೇಲಕ್ಕೆ ಹೋಗಿ ನಿಂತದ್ದು ಯಂತ್ರವನ್ನು ತಿರುಗಿಸಿದಾಗ ಮಾತ್ರ. ದುಂಡಗಿನ ಮೈಯೆಲ್ಲ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದಿರುತ್ತದೆ, ಅವನ್ನೆಲ್ಲ ಪರದೆಗೆ ಬಿಡಿಸೋದು ಗ್ರಾಫಿಕ್ಸ್ ಪಾಲಿನ ಕೆಲಸ. ತಾಮ್ರದ ತಗಡಿನಲ್ಲಿ ಅಂಥ ತ್ರಿಕೋನಗಳು ಎಷ್ಟಾಗುತ್ತವೆ ಅಂತ ನೀವೇ ಊಹಿಸಿ.

ಕಾರ್ಡಿನ ಮಾತಿಗೆ ಮೊದಲು ಕಸ ಗುಡಿಸಿದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಬೋಲ್ಟುಗಳಿಗೆಲ್ಲ ನಿಜವಾದ ತಿರುಪು ಕೆತ್ತಿತ್ತು. ಅದನ್ನು ತೆಗೆದು ಕಾಸ್ಮೆಟಿಕ್ ಥ್ರೆಡ್, ಅಂದರೆ ಬರೀ ತೋರಿಕೆಯ ತಿರುಪು ಹಾಕಿದೆ. ಬೇಕಾದಾಗ ಬದಲಿಸಿಕೊಳ್ಳಲು ಅದೇ ಫೈಲಿನಲ್ಲಿ ಉಬ್ಬುಗಳಿಲ್ಲದ ಬೋಳು ಡ್ರಮ್ಮಿನ ಇನ್ನೊಂದು ರೂಪ, ಅಂದರೆ ಕಾನ್ಫಿಗರೇಶನ್ ಮಾಡಿದೆ. ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಇಮೇಜ್ ಕ್ವಾಲಿಟಿ ಬಲತುದಿಯಲ್ಲಿತ್ತು, ನಡುವಿಗೆ ಎಳೆದೆ. ಅರ್ಧಕ್ಕರ್ಧ ಹಗುರಾಯಿತು. ಯಜಮಾನರು ಖುಷಿಯಾಗಿ, "ಹಂಗಾದ್ರೆ ಕಾರ್ಡೇ ಬೇಡ್ವಲ್ಲ!" ಅಂದುಬಿಟ್ಟರು. ಬರಬೇಕಿದ್ದ ಕಾರ್ಡು ಅಲ್ಲೇ ತಪ್ಪಿಹೋಗುತ್ತಿತ್ತು. ಪಲ್ಪರ್, ವಾಷರ್, ತೊಟ್ಟಿ, ಚೌಕಟ್ಟು ಎಲ್ಲ ಕೂಡಿದ ಪೂರ್ತಿ ಯೂನಿಟ್ ತೆರೆದು ತಿರುಗಿಸಿ ತೋರಿಸಿದ ಮೇಲೆ ಒಪ್ಪಿದರು.

ಅಂಗಡಿಗೆ ಜೊತೆಯಲ್ಲಿ ಬಂದವನು ಅವರ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ. "ಅಣ್ಣಾ, ಆರ್‌ಟಿಎಕ್ಸ್ 3060 ತಗೊಳ್ಳಾಣ, 12 ಜಿಬಿ ಮೆಮೊರಿ ಬರುತ್ತೆ" ಅಂತ ದಾರಿಯುದ್ದಕ್ಕೂ ಆ ಗೇಮಿಂಗ್ ಕಾರ್ಡಿನ ಜಪ. ಸಂಜೆ ಆರರ ಮೇಲೆ ಆ ಕಂಪ್ಯೂಟರ್ ಮುಂದೆ ಕೂರುವವನು ಅವನೇ ಅನ್ನೋದು ನನಗೆ ಗೊತ್ತಿಲ್ಲವೇ? ಬಿ.ಎಂ. ರಸ್ತೆಯ ಅಂಗಡಿಯವರೂ ಅವನ ಪಕ್ಷವೇ. ಗಾಜಿನ ಕಪಾಟಿನಲ್ಲಿ ಇದ್ದದ್ದೆಲ್ಲ ಬಣ್ಣದ ಲೈಟು ಉರಿಯುವ ಗೇಮಿಂಗ್ ಕಾರ್ಡುಗಳು. ನಾನು ಕೇಳಿದ ಎನ್ವಿಡಿಯಾ ಟಿ1000, 8 ಜಿಬಿ ಕಾರ್ಡನ್ನು ಒಳಗಿನಿಂದ ಹುಡುಕಿ ತಂದರು. ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದೇ ಪುಟ್ಟ ಫ್ಯಾನು.

ಹುಡುಗ ಮೊಬೈಲಿನಲ್ಲಿ ನೋಡಿ, "ಅಣ್ಣಾ, ಇದೂ ಜಿಟಿಎಕ್ಸ್ 1650 ಗೇಮಿಂಗ್ ಕಾರ್ಡೂ ಒಂದೇ ಚಿಪ್ಪು! ಎರಡಕ್ಕೂ 896 ಕೋರು. ಇದಕ್ಯಾಕೆ ಇಷ್ಟು ದುಡ್ಡು?" ಅಂದ. ಒಳ್ಳೆ ಪ್ರಶ್ನೆ. ಯೆಲ್ಲೋ ಬೋರ್ಡು, ವೈಟ್ ಬೋರ್ಡು ಅಂದೆ. ಕಾರು ಒಂದೇ, ಪರ್ಮಿಟ್ಟು ಬೇರೆ. ಇಲ್ಲಿ ಪರ್ಮಿಟ್ಟು ಅಂದರೆ ಡ್ರೈವರ್, ಕಾರ್ಡನ್ನು ನಡೆಸೋ ಸಾಫ್ಟ್‌ವೇರ್. ಸಾಲಿಡ್‌ವರ್ಕ್ಸ್ ಪರದೆಗೆ ಬಿಡಿಸೋದು ಓಪನ್‌ಜಿಎಲ್ ಮೂಲಕ, ಕಾರ್ಡಿಗೆ ಚಿತ್ರ ಬಿಡಿಸು ಅಂತ ಹೇಳೋ ಭಾಷೆ ಅದು. ಅದಕ್ಕೆಂದೇ ಪಳಗಿಸಿದ ಡ್ರೈವರ್ ಸಿಗೋದು ವರ್ಕ್‌ಸ್ಟೇಶನ್ ಕಾರ್ಡುಗಳಿಗೆ, ಅಂದರೆ ಟಿ1000ದಂತೆ ಇಂಥ ಕೆಲಸಕ್ಕೇ ಮಾಡಿದವಕ್ಕೆ. ಸಾಲಿಡ್‌ವರ್ಕ್ಸ್ ತಯಾರಿಸೋ ದಸೋ ಸಿಸ್ಟಮ್ಸ್‌ನವರು ತಮ್ಮ ಜಾಲತಾಣದಲ್ಲಿ ಯಾವ ಕಾರ್ಡು, ಯಾವ ಡ್ರೈವರ್ ಪರೀಕ್ಷೆಯಾಗಿದೆ ಅಂತ ಪಟ್ಟಿ ಇಟ್ಟಿದ್ದಾರೆ. 3060, 1650ರಂಥ ಗೇಮಿಂಗ್ ಕಾರ್ಡುಗಳು, ಅಂದರೆ ಜೀಫೋರ್ಸ್ ಕಾರ್ಡುಗಳು ಅದರಲ್ಲಿಲ್ಲ. ಹಾಕಿದರೆ ನಡೆಯುತ್ತದೆ, ಆದರೆ ಲೋಹದ ನಿಜವಾದ ಹೊಳಪು ತೋರಿಸೋ ರಿಯಲ್‌ವ್ಯೂ ಗುಂಡಿ ಮಂಕಾಗಿ ಕೂತಿರುತ್ತದೆ. ಗಿರಾಕಿಗೆ ತಾಮ್ರ ತಾಮ್ರದಂತೆ ಕಾಣಬೇಕಾದರೆ ಆ ಗುಂಡಿ ಬೇಕು.

3060 ಕೆಟ್ಟ ಕಾರ್ಡು ಅಂತಲ್ಲ. ಚಿಕ್ಕಮಗಳೂರಿನಲ್ಲಿ ಹೋಮ್‌ಸ್ಟೇ ಪ್ಲಾನ್ ಮಾಡುವ ಗೆಳೆಯನೊಬ್ಬ ಇದ್ದಾನೆ. ಲುಮಿಯಾನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮರ, ಮಂಜು, ಬಿಸಿಲು ಎಲ್ಲ ಹಾಕಿ ವಿಡಿಯೋ ತೆಗೆಯುತ್ತಾನೆ. ಅವನಿಗೆ ಆ 12 ಜಿಬಿಯೇ ಸರಿ, ಟಿ1000 ಕೊಟ್ಟರೆ ಅಳುತ್ತಾನೆ. ಆಟೋಕ್ಯಾಡ್‌ನಲ್ಲಿ ಬರೀ ಸೈಟ್ ಪ್ಲಾನ್ ಎಳೆಯುವವರು ಎರಡನ್ನೂ ಬಿಟ್ಟು ಆ ದುಡ್ಡಲ್ಲಿ ಒಳ್ಳೆ ಮಾನಿಟರ್ ತಗೊಳ್ಳಲಿ.

ನನ್ನ ತೂಕ ಟಿ1000 ಕಡೆ ವಾಲಿದ್ದಕ್ಕೆ ಇನ್ನೊಂದು ಕಾರಣ ಶೆಡ್ಡಿನ ಕರೆಂಟು. ಅಲ್ಲಿ ವೆಲ್ಡಿಂಗ್ ಸೆಟ್ ಶುರುವಾದರೆ ಟ್ಯೂಬ್‌ಲೈಟ್ ಕಣ್ಣು ಹೊಡೆಯುತ್ತದೆ. ಇರುವ ಯುಪಿಎಸ್ ಚಿಕ್ಕದು, ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಹಳೆಯದು. 3060 ಬೇಡೋದು 170 ವ್ಯಾಟ್, ಅದಕ್ಕೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವೈರೂ ಎಳೆಯಬೇಕು. ಟಿ1000ಕ್ಕೆ 50 ವ್ಯಾಟ್ ಸಾಕು, ಮದರ್‌ಬೋರ್ಡಿನ ಸ್ಲಾಟೇ 75ರವರೆಗೆ ಕೊಡುತ್ತದೆ. ಮೇಲಾಗಿ ಗ್ರೈಂಡರ್‌ನಿಂದ ಹಾರುವ ಕಬ್ಬಿಣದ ಪುಡಿ. ಮೂರು ಫ್ಯಾನಿನ ಕಾರ್ಡು ಅದನ್ನೆಲ್ಲ ಎಳೆದು ಮೈಮೇಲೆ ಹಾಕಿಕೊಂಡರೆ ಎಷ್ಟು ದಿನ ಬಾಳೀತು?

ತಂದು ನೋಡಿದರೆ ಕಾರ್ಡಿನಲ್ಲಿ ಮಾನಿಟರ್ ಸಿಕ್ಕಿಸೋ ಕಿಂಡಿಗಳೆಲ್ಲ ಮಿನಿ ಡಿಸ್‌ಪ್ಲೇಪೋರ್ಟ್, ನಮ್ಮ ಮಾನಿಟರಿಗೆ ಎಚ್‌ಡಿಎಂಐ. ಇದು ಮೊದಲೇ ಗೊತ್ತಿತ್ತು, ಅಡಾಪ್ಟರ್ ಊರಲ್ಲೇ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂತು.

ಈಗ ಪೂರ್ತಿ ಯೂನಿಟ್ ಉಬ್ಬುಗಳ ಸಮೇತ ಸಲೀಸಾಗಿ ತಿರುಗುತ್ತದೆ. ಹುಡುಗನ ಆಟವೂ ತಕ್ಕಮಟ್ಟಿಗೆ ನಡೆಯುತ್ತದಂತೆ, ಚಿಪ್ಪು ಒಂದೇ ತಾನೆ. ಯಜಮಾನರು ಮಾತ್ರ ನಾನು ರೀಬಿಲ್ಡ್ ಕೊಟ್ಟಾಗ ನೀಲಿ ಚಕ್ರ ಸುತ್ತುವುದನ್ನು ನೋಡಿ, "ಕಾರ್ಡ್ ಹಾಕ್ಸಿದ್ರೂ ಇದು ಸುತ್ತುತ್ತಲ್ಲಪ್ಪಾ?" ಅಂದರು.

"ಅದು ಪ್ರೊಸೆಸರ್ ಕೆಲಸ ಸಾರ್, ಅವತ್ತೇ ತೋರಿಸಿದ್ನಲ್ಲ."

"ರೊಬಸ್ಟಾ ಕುಯ್ಲು ಮುಗೀಲಿ, ದುಡ್ಡು ಬರ್ಲಿ, ನೋಡಾಣ" ಅಂತ ವೆಲ್ಡಿಂಗ್ ಕಡೆ ಹೋದರು.